ಮಂಚ ಕೊಂಡರೆ ಹೆರಿಗೆ ಉಚಿತ

ಎಲ್ಲ ರಾದ್ಧಾಂತಕ್ಕೂ ಕಾರಣ ಆರ್.ಟಿ. ನಗರದ ಬಸ್ ನಿಲ್ದಾಣದ ನೆತ್ತಿಯ ಮೇಲೆ ಏರಿ ಕೂತಿದ್ದ ಒಂದು ಹೊಸ ಜಾಹೀರಾತು ಫಲಕ. ಅದರಲ್ಲೊಂದು ತೇಗದ ಮಂಚ, ಮಂಚದ ಮೇಲೆ ಹಲ್ಲು ಬಿಟ್ಟು ಕೂತ ಗಂಡ ಹೆಂಡತಿ, ಅವರ ಕಾಲ ಕೆಳಗೆ ಕುಂಬಳಕಾಯಿ ಗಾತ್ರದ ಅಕ್ಷರಗಳು: ‘ಬೈರಪ್ಪ ಫರ್ನಿಚರ್ಸ್, ಯಲಹಂಕ. ಯಾವುದೇ ಮಂಚ ಕೊಳ್ಳಿರಿ, ನಿಮ್ಮ ಮನೆಯಲ್ಲೇ ಉಚಿತ ಹೆರಿಗೆ!’ ಅದರಡಿ ಇರುವೆ ಸಾಲಿನಂತೆ, ‘ಷರತ್ತುಗಳನ್ನು ಹಚ್ಚಲಾಗುವುದು.’

ಊಟದ ಡಬ್ಬಿ ಹಿಡಿದು ಮನೆಯಿಂದ ಹೊರಟಿದ್ದ ಗಯಾಸ್ ಅದನ್ನು ಓದಿ ಕಂಬದಂತೆ ನಿಂತುಬಿಟ್ಟ.

ಹನ್ನೊಂದು ವರ್ಷಗಳಿಂದ ಬೈರಪ್ಪ ಫರ್ನಿಚರ್ಸಿನ ಕನ್ನಡ ಜಾಹೀರಾತುಗಳನ್ನೆಲ್ಲ ಬರೆದವನು ಅವನೇ. ಅದು ಇಡೀ ಬೀದಿಗೆ ಗೊತ್ತಿತ್ತು, ಏಕೆಂದರೆ ಪ್ರತಿ ಸಲವೂ ಅವನೇ ಎಲ್ಲರಿಗೂ ಬೆರಳು ಮಾಡಿ ತೋರಿಸುತ್ತಿದ್ದ. ‘ಳ’ ಇರಬೇಕಾದಲ್ಲಿ ‘ಲ’ ಕಂಡರೆ ಹೋಟೆಲಿನ ತಿಂಡಿಯನ್ನೂ ಅರ್ಧಕ್ಕೆ ಬಿಟ್ಟು ಏಳುವ ಮನುಷ್ಯ. ಬೀದಿಯವರು ಅವನನ್ನು ‘ಕನ್ನಡ ಗಯಾಸ್’ ಎಂದೇ ಕರೆಯುತ್ತಿದ್ದರು.

ಬೀದಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿತ್ತು. ಮೂರು ವಾರಗಳ ಹಿಂದೆ ಅವನು ಕೆಲಸಕ್ಕಿದ್ದ ಹೆಬ್ಬಾಳದ ಜಾಹೀರಾತು ಕಂಪನಿಯ ಮಾಲೀಕ ಮಹೇಂದ್ರ ಗಯಾಸನನ್ನು ಗಾಜಿನ ಕೋಣೆಗೆ ಕರೆದು, “ಇನ್ಮೇಲೆ ಎಐ ಬರೆಯುತ್ತೆ ಗಯಾಸ್ ಅವರೇ. ಹತ್ತು ಭಾಷೆ, ಹತ್ತು ಸೆಕೆಂಡು. ರಜಾ ಕೇಳಲ್ಲ, ಟೀ ಕೇಳಲ್ಲ,” ಎಂದು ಕೈಕುಲುಕಿ ಮನೆಗೆ ಕಳಿಸಿದ್ದ. ತಾನು ಕುಡಿದ ಟೀ ಕೂಡ ಆ ಮನುಷ್ಯನ ಕಣ್ಣು ಕುಕ್ಕಿತ್ತೆಂದು ಗಯಾಸನಿಗೆ ಅಂದೇ ತಿಳಿದದ್ದು. ಆದರೆ ಹೆಂಡತಿ ಗಜಾಲಾಗೆ ಹೇಳುವ ಧೈರ್ಯ ಬಂದಿರಲಿಲ್ಲ. ದಿನಾ ಬೆಳಗ್ಗೆ ಡಬ್ಬಿ ಹಿಡಿದು ಹೊರಡುವುದು, ಹೆಬ್ಬಾಳ ಕೆರೆಯ ಬೆಂಚಿನ ಮೇಲೆ ಕೂತು ಕೊಕ್ಕರೆ ನೋಡುವುದು, ಸಂಜೆ ದಣಿದ ಮುಖ ಮಾಡಿಕೊಂಡು ಬರುವುದು. ಹೀಗೇ ಸಾಗಿತ್ತು.

“ಗಯಾಸೂ, ನಿಂತ್ಕೊಳಪ್ಪ!”

ಎದುರು ಮನೆಯ ಸುಬ್ಬಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಬಂದೇಬಿಟ್ಟರು. “ಒಳ್ಳೇ ಕೆಲ್ಸ ಮಾಡಿದೀಯ ಕಣಪ್ಪ. ನಮ್ಮ ಸೊಸೇಗೆ ಎಂಟು ತುಂಬ್ತು. ಮಂಚ ಹೆಂಗಿದ್ರೂ ಬೇಕಿತ್ತು. ನರ್ಸನ್ನ ಅಂಗಡಿಯೋರೇ ಕಳಿಸ್ತಾರಾ, ಇಲ್ಲ ಡಾಕ್ಟ್ರೇ ಬರ್ತಾರಾ?”

“ಅಯ್ಯೋ ಅಮ್ಮಾ, ಅದು ಹೆರಿಗೆ ಅಲ್ಲ. ಡೆಲಿವರಿ. ಮಂಚಾನ ಮನೆಗೆ ತಂದುಕೊಡೋದು.”

“ಹಂಗಂತ ಬರೀಬಾರ್ದಾಗಿತ್ತಾ? ಇಷ್ಟು ವರ್ಷದಿಂದ ಏನ್ ಬರೀತಿದ್ದೀಯಾ ನೀನು?”

ನಾನು ಬರೆದಿಲ್ಲ ಎನ್ನಲು ಗಯಾಸ್ ಬಾಯಿ ತೆರೆದ. ಮತ್ತೆ ಯಾರು ಬರೆದದ್ದು ಎಂಬ ಪ್ರಶ್ನೆ ಆಕೆಯ ನಾಲಿಗೆಯ ತುದಿಯಲ್ಲೇ ಕುಣಿಯುತ್ತಿದ್ದುದು ಕಂಡಿತು. ಬಾಯಿ ಮುಚ್ಚಿದ. ತಪ್ಪು ಬರೆದವನೆನ್ನಿಸಿಕೊಂಡರೆ ಮರ್ಯಾದೆ ಹೋಗುತ್ತದೆ, ಬರೆದಿಲ್ಲವೆಂದರೆ ಕೆಲಸ ಹೋದದ್ದು ಬಯಲಾಗುತ್ತದೆ. ಮೀನಿನ ಮುಳ್ಳು ಗಂಟಲಿಗೆ ಸಿಕ್ಕವನಂತೆ ಅತ್ತ ನುಂಗಲೂ ಆಗದೆ, ಇತ್ತ ಉಗುಳಲೂ ಆಗದೆ ನಿಂತ.

ಅಷ್ಟರಲ್ಲಿ ಮುನಿಶಾಮಿಯ ವ್ಯಾನು ಬಂದು ಗಕ್ಕನೆ ನಿಂತಿತು. ಮುನಿಶಾಮಿ ಬಡಾವಣೆಯ ಕನ್ನಡ ಗೆಳೆಯರ ಬಳಗದ ಅಧ್ಯಕ್ಷ. ಹೋದ ರಾಜ್ಯೋತ್ಸವಕ್ಕೆ ಗಯಾಸನಿಗೆ ಶಾಲು ಹೊದಿಸಿದವನು ಅವನೇ.

“ಏನ್ ಭಾಯ್ ಇದು? ಬಸ್ಸಲ್ಲಿ ಹೋಗೋ ಕಾಲೇಜ್ ಹುಡುಗೀರೆಲ್ಲಾ ಕಿಸಕ್ ಕಿಸಕ್ ಅಂತ ನಗ್ತಾವ್ರೆ! ಷರತ್ತು ಹಚ್ತಾರಂತೆ! ಅದೇನು ಮುಲಾಮಾ? ಶಾಲು ವಾಪಸ್ ಕೊಡಿ ಮೊದ್ಲು!”

ಗದ್ದಲ ಕೇಳಿ ಜನ ಸೇರಿದರು. ಇಡ್ಲಿ ಗಾಡಿಯವನು ಸೌಟು ಹಿಡಿದುಕೊಂಡೇ ಬಂದ. ಕೊನೆಗೆ ಗಜಾಲಾಳೂ ಬಂದಳು. ಮನೆಯಲ್ಲಿ ಗಂಡ ಹೆಂಡತಿಯದು ದಖನಿ ಉರ್ದುವೇ ಆದರೂ ಬೀದಿಯಲ್ಲಿ ಅವಳ ಸಿಟ್ಟು ಅಚ್ಚ ಕನ್ನಡದಲ್ಲೇ ಬರುತ್ತಿತ್ತು.

“ಬಾಯಿಗೆ ಬಂದಂಗೆ ಮಾತಾಡ್ಬೇಡಿ ಮುನಿಶಾಮಿ ಅಣ್ಣ! ನಮ್ಮ ಮನೆಯವರು ನಿದ್ದೇಲೂ ಹಂಗೆ ಬರೆಯಲ್ಲ. ಹೇಳ್ರೀ ಇವರಿಗೆ! ಬಾಯಿ ಬಿಟ್ಟು ಹೇಳ್ರೀ!”

ಹೆಂಡತಿಯ ಆ ನಂಬಿಕೆಯೇ ಗಯಾಸನ ಕಟ್ಟೆ ಒಡೆಯಿತು. “ನಾನು ಬರೆದಿಲ್ಲ! ಮೆಷಿನ್ ಬರೆದಿರೋದು! ನನ್ನ ಕೆಲಸ ಹೋಗಿ ಮೂರು ವಾರ ಆಯ್ತು!”

ಗಜಾಲಾ ಗಂಡನ ಕೈಯ ಡಬ್ಬಿಯನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು.

“ಮತ್ತೆ ದಿನಾ ಇದನ್ನ ತಗೊಂಡು ಎಲ್ಲಿಗೆ ಹೋಗ್ತಿದ್ರಿ?”

“ಕೆರೆ ಹತ್ರ,” ಎಂದ ಗಯಾಸ್ ನೆಲ ನೋಡುತ್ತ.

ಅವಳು ಅವನ ಕೈಯಿಂದ ಡಬ್ಬಿಯನ್ನು ಕಿತ್ತುಕೊಂಡಳು. ಅತ್ತ ಮುನಿಶಾಮಿಯ ಸಿಟ್ಟು ಗಿರ್ರನೆ ದಿಕ್ಕು ಬದಲಿಸಿತ್ತು. “ಮನುಷ್ಯನ್ನ ತೆಗೆದು ಮೆಷಿನ್ ಕೈಲಿ ಕನ್ನಡ ಬರೆಸೋದಾ? ಹತ್ತಿ ಗಾಡಿ! ಇವತ್ತು ಆ ಕಂಪನಿಯವನ ಆಫೀಸಲ್ಲೇ ಇತ್ಯರ್ಥ ಆಗ್ಲಿ!”

ವ್ಯಾನಿನಲ್ಲಿ ಗಯಾಸ್, ಗಜಾಲಾ, ಮುನಿಶಾಮಿ ಹೊರಟರು. ಸೊಸೆಯ ವಿಷಯ ಇನ್ನೂ ತೀರ್ಮಾನವಾಗಿಲ್ಲವೆಂದು ಸುಬ್ಬಲಕ್ಷ್ಮಮ್ಮನೂ ಹತ್ತಿ ಕೂತರು.

ಹೆಬ್ಬಾಳದ ಕಚೇರಿಯಲ್ಲಿ ಖಾಲಿ ಕುರ್ಚಿಗಳ ಸಾಲು ಹಲ್ಲು ಕಿತ್ತ ದವಡೆಯಂತಿತ್ತು. ತನ್ನ ಕುರ್ಚಿಯ ಮೇಲೆ ಯಾರೋ ಹೆಲ್ಮೆಟ್ ಇಟ್ಟಿದ್ದನ್ನು ನೋಡಿ ಗಯಾಸನ ಕಣ್ಣು ಕೆಂಪಾಯಿತು.

ಮಹೇಂದ್ರ ಮಾತ್ರ ನಗುತ್ತಲೇ ಲ್ಯಾಪ್‌ಟಾಪ್ ತಿರುಗಿಸಿದ. “ಸಣ್ಣ ತಪ್ಪು ಸರ್, ಕೂಗಾಟ ಯಾಕೆ? ಇದಕ್ಕೆ ಹೇಳಿದ್ರೆ ಸಾಕು, ತಾನೇ ತಿದ್ಕೊಳುತ್ತೆ.” ಹೆರಿಗೆ ಎಂಬ ಪದ ತಪ್ಪು, ಸರಿ ಮಾಡು ಎಂದು ಟೈಪು ಮಾಡಿದ.

ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ಗಯಾಸ್ ಗಟ್ಟಿಯಾಗಿ ಓದಿದ: “ಕ್ಷಮಿಸಿ, ನೀವು ಹೇಳಿದ್ದು ಸರಿ. ಪರಿಷ್ಕೃತ ವಾಕ್ಯ: ನಿಮ್ಮ ಮನೆ ಬಾಗಿಲಲ್ಲೇ ಉಚಿತ ಪ್ರಸವ.”

“ಬಾಗಿಲಲ್ಲೇನಾ?” ಸುಬ್ಬಲಕ್ಷ್ಮಮ್ಮ ಎದೆಗೆ ಕೈಯಿಟ್ಟುಕೊಂಡರು. “ಒಳಗೂ ಬಿಡಲ್ವಾ?”

ಮುನಿಶಾಮಿ ಮೇಜು ಗುದ್ದಿದ. ಸರಿಯಾಗಿ ಅದೇ ಹೊತ್ತಿಗೆ ಮಹೇಂದ್ರನ ಫೋನು ಬಡಿದುಕೊಂಡಿತು. ಫರ್ನಿಚರ್ ಅಂಗಡಿಯ ಮಾಲೀಕ ಚಿಕ್ಕಬೈರಪ್ಪನ ದನಿ ಫೋನಿನಿಂದ ಆಚೆಗೂ ಗುಡುಗುತ್ತಿತ್ತು. “ಆ ಬೋರ್ಡು ಬರ್ದವ್ನನ್ನ ಇಡ್ಕೊಂಡು ಈಗಿಂದೀಗ್ಲೇ ಬಾ! ಅಂಗಡಿ ಮುಂದೆ ಏನಾಯ್ತಾ ಐತೆ ಅಂತ ಬಂದು ನೋಡು!”

ಮಹೇಂದ್ರನ ನಗು ಒದ್ದೆ ಪಟಾಕಿಯಂತೆ ಆರಿಹೋಯಿತು. ಕಂಪನಿ ಅರ್ಧ ನಿಂತಿದ್ದೇ ಚಿಕ್ಕಬೈರಪ್ಪನ ಮೇಲೆ. ಮಹೇಂದ್ರ ಗಯಾಸನ ಎರಡೂ ಕೈ ಹಿಡಿದುಕೊಂಡ. “ಗಯಾಸ್ ಸರ್, ನೀವು ಬನ್ನಿ. ನಿಮ್ಮ ಮಾತನ್ನ ಅವರು ಕೇಳ್ತಾರೆ. ಇದೊಂದನ್ನ ಸರಿ ಮಾಡಿಕೊಡಿ, ನಾಳೆಯಿಂದ ನಿಮ್ಮ ಸೀಟು ನಿಮಗೆ.” ಓಡಿಹೋಗಿ ಆ ಹೆಲ್ಮೆಟ್ಟನ್ನೂ ಎತ್ತಿದ. ಲ್ಯಾಪ್‌ಟಾಪ್ ಕಂಕುಳಲ್ಲಿ ಇರುಕಿಕೊಂಡು ಅವನೂ ವ್ಯಾನು ಹತ್ತಿದ.

ಮೂರು ವಾರಗಳಲ್ಲಿ ಮೊದಲ ಸಲ ಗಯಾಸನಿಗೆ ಉಸಿರಾಡಿದಂತಾಯಿತು. ದಾರಿಯುದ್ದಕ್ಕೂ ‘ಮಂಚ ಕೊಂಡರೆ ಮನೆಗೆ ತಲುಪಿಸುವುದು ಉಚಿತ’ ಎಂಬ ವಾಕ್ಯವನ್ನು ಮನಸ್ಸಿನಲ್ಲೇ ಉಜ್ಜಿ ಉಜ್ಜಿ ಹೊಳೆಯಿಸಿದ. ಗಜಾಲಾ ಕೂಡ ಕಿಟಕಿಯ ಕಡೆಯಿಂದ ಮುಖವನ್ನು ಸ್ವಲ್ಪ ಇತ್ತ ತಿರುಗಿಸಿದಳು.

ಯಲಹಂಕದ ಅಂಗಡಿಯ ಮುಂದೆ ರಸ್ತೆಯೇ ಕಾಣದಷ್ಟು ಜನ. ಪೊಲೀಸಿನವನು ಪೀಪಿ ಊದಿ ಊದಿ ಬಸವಳಿದಿದ್ದ. ಟಿವಿಯವನೊಬ್ಬ ಮೈಕು ಹಿಡಿದು ಕಿರುಚುತ್ತಿದ್ದ. ಮೆಟ್ಟಿಲ ಮೇಲೆ ಚಿಕ್ಕಬೈರಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದ. ಕೈಯಲ್ಲಿ ದೊಣ್ಣೆಯೋ ಚಪ್ಪಲಿಯೋ, ಕಾಣುತ್ತಿರಲಿಲ್ಲ.

“ಯಾವನಯ್ಯಾ ಬರ್ದೋನು?”

ಮಹೇಂದ್ರ ಒಂದು ಕ್ಷಣವೂ ತಡಮಾಡದೆ ಗಯಾಸನನ್ನು ಮುಂದಕ್ಕೆ ನೂಕಿದ. “ಇವರೇ ಸರ್! ಎಲ್ಲಾ ಇವರೇ ಬರೆದಿದ್ದು. ನನಗೆ ಗೊತ್ತೇ ಇಲ್ಲ!”

ಗಯಾಸನಿಗೆ ನೆತ್ತಿಯವರೆಗೂ ಉರಿ ಹತ್ತಿತು. ಕೆಲಸ ಕಿತ್ತುಕೊಂಡದ್ದು ಸಾಲದೆ, ಮೆಷಿನ್ನು ಮಾಡಿದ ತಪ್ಪಿಗೆ ಏಟು ತಿನ್ನಲು ಮಾತ್ರ ಮನುಷ್ಯ ಬೇಕಾದನೇ?

“ಸುಳ್ಳು!” ಎಂದು ಅಬ್ಬರಿಸಿದ. “ನಾನಲ್ಲ! ಇವನ ಮೆಷಿನ್ ಬರೆದಿರೋದು! ಇಂಥ ಕನ್ನಡ ಬರೆಯೋ ಮೊದಲು ನನ್ನ ಕೈ ಕತ್ತರಿಸಿಕೊಳ್ತೀನಿ. ಕೇಳಿ ಬೇಕಾದ್ರೆ, ಸಾಕ್ಷಿ ಇದೆ!”

“ನಾನಿದ್ದೀನಿ ಸಾಕ್ಷಿ!” ಎಂದ ಮುನಿಶಾಮಿ ಎದೆ ತಟ್ಟಿಕೊಂಡು.

“ನಾನೂ ಕಣ್ಣಾರೆ ನೋಡ್ದೆ. ಪ್ರಸವ ಅಂತ ಬೇರೆ ಬರೀತು,” ಎಂದರು ಸುಬ್ಬಲಕ್ಷ್ಮಮ್ಮ.

ಚಿಕ್ಕಬೈರಪ್ಪ ಬೆನ್ನ ಹಿಂದಿನ ಕೈ ಮುಂದೆ ತಂದ. ಕೈಯಲ್ಲಿ ತೊಡೆ ಗಾತ್ರದ ಸುಗಂಧರಾಜ ಹಾರ.

“ಅಂಗಾದ್ರೆ ನೀನಲ್ವಾ?” ಎಂದ ನಿರಾಸೆಯಿಂದ. “ಅನ್ನೊಂದು ವರ್ಷ ನೀನ್ ಬರ್ದ ಬೋರ್ಡನ್ನ ಒಂದು ನಾಯಿನೂ ಕತ್ತೆತ್ತಿ ನೋಡ್ಲಿಲ್ಲ ಕಣಯ್ಯ. ಇವತ್ತು ನೋಡು! ಬೋರ್ಡ್ ಫೋಟೋ ಊರೆಲ್ಲಾ ಅರಿದಾಡ್ತೈತೆ. ಅಂಗಡಿ ಮುಂದೆ ನಿಂತು ಸೆಲ್ಫಿ ತಗೊಳ್ಳಾಕೆ ಜನ ಮುಗಿಬಿದ್ದವ್ರೆ. ಮಂಚ ಎಲ್ಲಾ ಖಾಲಿ! ಇಂಗೆ ಬರ್ಯೋನನ್ನ ನಮ್ ಅಂಗಡೀಲೇ ಖಾಯಂ ಇಟ್ಕೊಳಾಣ ಅಂತಿದ್ದೆ.”

ಮೆಟ್ಟಿಲಿಳಿದು ಬಂದ ಅವನು ಗಯಾಸನನ್ನು ದಾಟಿ ಮುಂದೆ ಹೋಗಿ, ಮಹೇಂದ್ರನ ಕಂಕುಳಲ್ಲಿದ್ದ ಲ್ಯಾಪ್‌ಟಾಪಿಗೆ ಹಾರ ಹಾಕಿದ. ಜನ ಚಪ್ಪಾಳೆ ಹೊಡೆದರು. ಆ ಲ್ಯಾಪ್‌ಟಾಪಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರಲ್ಲಿ ಮುನಿಶಾಮಿ ಮೊದಲಿಗ.

ಗಜಾಲಾ ಗಂಡನ ಕಿವಿಯ ಹತ್ತಿರ ಬಂದಳು. “ಮೂರು ವಾರ ನನಗೆ ಸುಳ್ಳು ಹೇಳೋಕೆ ಬಂತು. ಇವತ್ತು ಐದು ನಿಮಿಷ ಸುಮ್ಮನೆ ನಿಂತ್ಕೊಳೋಕೆ ಆಗ್ಲಿಲ್ವಾ?”

ಅವನ ಮುಖ ನೋಡಿ ಚಿಕ್ಕಬೈರಪ್ಪನಿಗೆ ಕನಿಕರ ಬಂದಿರಬೇಕು. ಹೆಗಲ ಮೇಲೆ ಕೈಹಾಕಿದ. “ನೊಂದ್ಕೊಬ್ಯಾಡ ಕಣಯ್ಯ. ಮುಂದಿನ ಬೋರ್ಡೂ ಮೆಷಿನ್ನೇ ಬರೀಲಿ. ಪ್ರಿಂಟಿಗೆ ಓಗೋಕ್ ಮುಂಚೆ ನೀನೊಂದು ಕಿತ ಓದು. ಎಲ್ಲಾ ಸರಿಯಾಗಿದ್ರೆ ಇಂದಕ್ಕೆ ಕಳ್ಸು. ತಪ್ಪಿದ್ರೆ ಮಾತ್ರ ಆಗ್ಬೌದು ಅನ್ನು. ಕನ್ನಡ ಓದ್ಕೊಂಡಿರೋನು, ತಪ್ಪು ಯಾವ್ದು ಅಂತ ನಿಂಗೇ ಗೊತ್ತಾಗಾದು.”

ಗಯಾಸನ ಮೈಯೆಲ್ಲ ಉರಿದುಹೋಯಿತು. ತಿದ್ದಲೆಂದು ಕಲಿತ ಕನ್ನಡದಿಂದ ತಪ್ಪು ಕಾಯುವ ಕೆಲಸ! ಆದರೆ ಗಜಾಲಾಳ ಕಣ್ಣು ಅವನ ಬೆನ್ನ ಮೇಲೇ ಇತ್ತು. ಉರಿಯನ್ನೆಲ್ಲ ನುಂಗಿ, ಹಲ್ಲು ಕಚ್ಚಿ, “ಆಗಲಿ” ಎನ್ನಲು ಬಾಯಿ ತೆರೆದ.

“ಅವರಿಗ್ಯಾಕೆ ಸರ್ ತೊಂದರೆ?” ಎಂದ ಮಹೇಂದ್ರ, ಹಾರ ಜಾರದಂತೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು. “ಅದನ್ನೂ ಇದೇ ನೋಡ್ಕೊಳುತ್ತೆ.”