ಟವಲಿನ ಕೆಳಗೆ ಕುದುರಿದ ಕಾರು

ಚಿಕ್ಕಮುನಿಯಪ್ಪ ಅವತ್ತು ಕಾರು ನೋಡಲು ಒಬ್ಬನೇ ಹೋಗಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ಕುರುಬರಹಳ್ಳಿಯಲ್ಲಿ ಒಬ್ಬನೇ ಹೋಗಿ ಒಂದು ಜೊತೆ ಚಪ್ಪಲಿ ಕೊಂಡವರೂ ಇಲ್ಲ, ಇನ್ನು ಕಾರೆಲ್ಲಿ ಬಂತು.

ಅವನ ಹೊಲ ರಾಜಾಜಿನಗರದ ಹೊಸ ಬಡಾವಣೆಗೆ ಹೋಗಿತ್ತು, ಪರಿಹಾರದ ದುಡ್ಡು ಇನ್ನೂ ಬಂದಿರಲಿಲ್ಲ. ಹೊಲವೇ ಇಲ್ಲದ ಮೇಲೆ ಎತ್ತು ಕಟ್ಟಿಕೊಂಡು ಏನು ಮಾಡುವುದೆಂದು ಜೋಡಿಯನ್ನು ಪಕ್ಕದ ಮನೆಯ ದೊಡ್ಡಹನುಮಯ್ಯನಿಗೆ ಐನೂರು ರೂಪಾಯಿಗೆ ಮಾರಿದ್ದ. ಹರೆಯದಲ್ಲಿ ಲಾರಿ ಕ್ಲೀನರಾಗಿದ್ದಾಗ ಸ್ಟೀರಿಂಗು ಹಿಡಿಯಲು ಕಲಿತಿದ್ದ. ಒಂದು ಹಳೇ ಕಾರು ಕೊಂಡರೆ ಊರಿನ ಸೊಪ್ಪು ತರಕಾರಿಯನ್ನು ಮಾರ್ಕೆಟ್ಟಿಗೆ ಸಾಗಿಸಿ ಬದುಕಬಹುದು ಎಂಬುದು ಅವನ ಆಸೆ. ರಾಜಾಜಿನಗರದ ಸಂಪತ್ ಅಯ್ಯಂಗಾರ್ ಎಂಬ ಗುಮಾಸ್ತರಿಗೆ ಮದರಾಸಿಗೆ ವರ್ಗವಾಗಿದೆ, ರಾತ್ರಿ ರೈಲಿಗೇ ಹೊರಡುತ್ತಾರೆ, ಕಾರು ಮಾರುತ್ತಾರೆ ಎಂಬ ಸುದ್ದಿ ಸಿಕ್ಕಿತು.

"ಈ ಐನೂರೂ ಹೋದ್ರೆ ಮನೇಲಿ ಒಲೆ ಹಚ್ಚಂಗಿಲ್ಲ, ನೆಪ್ಪಿರಲಿ," ಎಂದಳು ಹೆಂಡತಿ ನರಸಮ್ಮ. "ನಮ್ಮಣ್ಣನ್ನ ಕರ್ಕೊಂಡ್ ಹೋಗಿ. ವ್ಯಾಪಾರ ಅವನಿಗೆ ಗೊತ್ತು."

ನರಸಮ್ಮನ ಅಣ್ಣ ದೊಡ್ಡಣ್ಣ ಮೂವತ್ತು ವರ್ಷದಿಂದ ದನದ ದಲ್ಲಾಳಿ. ಹೆಗಲ ಮೇಲೆ ಕೆಂಪು ಟವಲು ಹಾಕಿಕೊಂಡು ಹೊರಟೇಬಿಟ್ಟ.

ಅಯ್ಯಂಗಾರರ ಮನೆ ಮುಂದೆ ಕಾರು ನಿಂತಿತ್ತು. ದೊಡ್ಡಣ್ಣ ಅದರ ಸುತ್ತ ಮೂರು ಸಲ ಬಂದ, ಬೆನ್ನು ಸವರಿದ, ಮುಂದಿನ ಜಾಲರಿಯಲ್ಲಿ ಬೆರಳಾಡಿಸಿ "ಹಲ್ಲು ಗಟ್ಟಿಯಾಗೈತೆ" ಎಂದ. ಎತ್ತಿನ ಮೈಮೇಲೆ ಹುಡುಕುವಂತೆ ಕೂದಲ ಸುಳಿ ಹುಡುಕಿದ. ಯಾವ ಸುಳಿಯೂ ಕಾಣದಿದ್ದುದರಿಂದ ಕೆಟ್ಟ ಸುಳಿಯೂ ಇಲ್ಲವೆಂದು ತೀರ್ಮಾನಿಸಿದ. ಕೊನೆಗೆ ಹಿಂಭಾಗಕ್ಕೆ ಅಂಗೈಯಿಂದ ಒಂದು ಏಟು ಕೊಟ್ಟ. ಕಾರು ಮಿಸುಕಲಿಲ್ಲ.

"ಸಾಧು. ಒದೆಯಾಕಿಲ್ಲ," ಎಂದ.

"ಇಂಜಿನ್ನು ನೋಡೋದ್ ಬ್ಯಾಡ್ವಾ ಬಾವ?"

"ಎತ್ತು ಕೊಳ್ಳೋವಾಗ ಹೊಟ್ಟೆ ಬಗೆದು ನೋಡ್ತೀವೇನಪ್ಪ?"

ಚಿಕ್ಕಮುನಿಯಪ್ಪ ಮನೆ ಮುಂದಿನ ಇಳಿಜಾರಿನಲ್ಲಿ ಹತ್ತು ಮಾರು ಓಡಿಸಿ ನೋಡಿದ. ಕಾರು ಸೊಗಸಾಗಿ ಹೋಯಿತು.

"ಇಳಿಜಾರಲ್ಲಿ ತೊಂದರೆ ಇಲ್ಲಪ್ಪ. ಸಮತಟ್ಟಲ್ಲೇ ಸ್ವಲ್ಪ..." ಎಂದರು ಅಯ್ಯಂಗಾರರು. ಅವರು ಸುಳ್ಳು ಹೇಳಿ ಅಭ್ಯಾಸವಿಲ್ಲದವರು.

"ಮಾರೋವ್ರ ಮಾತು ಕಿವಿಗೆ ಹಾಕ್ಕೋಬಾರ್ದು," ಎಂದು ದೊಡ್ಡಣ್ಣ ಚಿಕ್ಕಮುನಿಯಪ್ಪನ ಕಿವಿಯಲ್ಲಿ ಹೇಳಿದ.

"ಬೆಲೆ ವಿಚಾರ ಹೇಳಿಬಿಡ್ತೀನಿ. ನನಗೆ ಬೇಕಾಗಿರೋದು..." ಎಂದು ಅಯ್ಯಂಗಾರರು ಶುರುಮಾಡಿದರು.

"ಉಶ್! ಬೆಲೆ ಬಾಯಲ್ಲಿ ಆಡಬಾರ್ದು ಸಾಮಿ. ಮರ್ವಾದೆ ಅಲ್ಲ."

ದನದ ಜಾತ್ರೆಯ ಪದ್ಧತಿ ಅದು. ಟವಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಡಿಯಬೇಕು. ಒಂದು ಬೆರಳೆಂದರೆ ಒಂದು ನೂರು. ದೊಡ್ಡಣ್ಣ ಟವಲು ಹಾಸಿ ಅಯ್ಯಂಗಾರರ ಎರಡು ಬೆರಳು ಹಿಡಿದ. ಅಯ್ಯಂಗಾರರು ಇದು ಹಳ್ಳಿಯವರ ಕೈಕುಲುಕುವ ರೀತಿ ಇರಬೇಕೆಂದುಕೊಂಡು, ಮರ್ಯಾದೆಗೆ ಅವನ ಐದೂ ಬೆರಳನ್ನು ಹಿಡಿದು ಅದುಮಿದರು.

ದೊಡ್ಡಣ್ಣ ಮೂರು ಬೆರಳು ಹಿಡಿದ. ಅಯ್ಯಂಗಾರರು ನಗುತ್ತ ಮತ್ತೆ ಐದನ್ನೂ ಅದುಮಿದರು. ನಾಲ್ಕು ಹಿಡಿದ. ಅವರು ಇನ್ನೂ ಆದರದಿಂದ ಅದುಮಿದರು.

"ಭಾರಿ ಗಟ್ಟಿ ಆಸಾಮಿ, ಐದರಿಂದ ಇಳೀಲೇ ಇಲ್ಲ," ಎಂದು ದೊಡ್ಡಣ್ಣ ಬೆವರು ಒರೆಸಿಕೊಂಡ.

ಚಿಕ್ಕಮುನಿಯಪ್ಪ ಐನೂರು ಎಣಿಸಿ ಕೊಟ್ಟ. ನೂರೈವತ್ತು ಬಂದರೆ ಸಾಕೆಂದಿದ್ದ ಅಯ್ಯಂಗಾರರು ನೋಟು ನೋಡಿ ಕಕ್ಕಾಬಿಕ್ಕಿಯಾದರು. "ಅಯ್ಯೋ, ಇದು ಬಹಳ..."

"ಬಹಳ ಕಮ್ಮಿ ಅಂತೀರಾ? ಕೈ ಬಿಟ್ಟ ಮೇಲೆ ಮುಗೀತು ಸಾಮಿ," ಎಂದು ದೊಡ್ಡಣ್ಣ ಚಿಕ್ಕಮುನಿಯಪ್ಪನನ್ನು ಕಾರಿಗೆ ತಳ್ಳಿದ.

ಇಳಿಜಾರು ಮುಗಿಯುವವರೆಗೆ ಕಾರು ಹೋಯಿತು. ಇಳಿಜಾರು ಮುಗಿಯಿತು, ಕಾರೂ ನಿಂತಿತು. ಹ್ಯಾಂಡಲು ಹಾಕಿ ತಿರುಗಿಸಿ ತಿರುಗಿಸಿ ಚಿಕ್ಕಮುನಿಯಪ್ಪನ ರಟ್ಟೆ ಬಿದ್ದುಹೋಯಿತು. ಕೊನೆಗೆ ಹೇಳಿಕಳಿಸಿದ ಮೇಲೆ ದೊಡ್ಡಹನುಮಯ್ಯ ಅದೇ ಜೋಡಿ ಎತ್ತು ಹೊಡೆದುಕೊಂಡು ಬಂದು, ಎರಡು ರೂಪಾಯಿ ಬಾಡಿಗೆ ಮಾತಾಡಿಕೊಂಡು, ಕಾರಿಗೆ ಹಗ್ಗ ಕಟ್ಟಿದ. ಎತ್ತುಗಳು ಹಳೇ ಯಜಮಾನನನ್ನು ಮೂಸಿ ನೋಡಿ, ಯಾರೂ ಹೇಳದೆಯೇ ಅವನ ಮನೆಯ ಕೊಟ್ಟಿಗೆಗೇ ಕಾರನ್ನು ಎಳೆದು ತಂದವು.

"ಕೊಂಡಿದ್ದು ಒಳ್ಳೇದಾಯ್ತಾ, ಕೆಟ್ಟದಾಯ್ತಾ?" ಎಂದು ನರಸಮ್ಮ ಕೇಳಿದಳು. ಚಿಕ್ಕಮುನಿಯಪ್ಪನಿಗೇ ಗೊತ್ತಿರಲಿಲ್ಲ. ಅವನಿಗೆ ಅಳು ಬರುವಂತಾಗಿತ್ತು.

ಅತ್ತ ಅಯ್ಯಂಗಾರರು ಹಾಲಿನವನನ್ನು ಕೇಳಿ ಟವಲಿನ ಗುಟ್ಟು ತಿಳಿದುಕೊಂಡು ಹೌಹಾರಿದರು. ಹೆಚ್ಚಿಗೆ ಬಂದ ಮುನ್ನೂರೈವತ್ತನ್ನು ಹಿಂದಿರುಗಿಸದೆ ರೈಲು ಹತ್ತಲು ಅವರಿಗೆ ಮನಸ್ಸಾಗಲಿಲ್ಲ. "ಆದರೆ ಬಾಯಲ್ಲಿ ಮಾತ್ರ ಹೇಳ್ಬೇಡಿ ಬುದ್ಧಿ, ನಾಲ್ಕು ಜನರ ಮುಂದೆ ದಲ್ಲಾಳಿ ಮಾನ ಹೋಗ್ತದೆ," ಎಂದಿದ್ದ ಹಾಲಿನವನು. ಸಂಜೆ ಅವರು ದುಡ್ಡನ್ನು ಜೇಬಿನಲ್ಲಿಟ್ಟುಕೊಂಡು, ಮೈ ಒರೆಸುವ ಟವಲನ್ನು ಹೆಗಲಿಗೆ ಹಾಕಿಕೊಂಡು, ಸೈಕಲ್ಲಿನಲ್ಲಿ ಕುರುಬರಹಳ್ಳಿಗೆ ಬಂದರು.

ಕಾರು ನೋಡಲು ಅರ್ಧ ಊರೇ ನೆರೆದಿತ್ತು. ಅಯ್ಯಂಗಾರರು ತುಟಿ ಬಿಚ್ಚದೆ ದೊಡ್ಡಣ್ಣನ ಕೈ ಮೇಲೆ ಟವಲು ಹಾಸಿ, ಮೂರು ಬೆರಳು ಹಿಡಿದು, ನಾಲ್ಕನೆಯದನ್ನು ಅರ್ಧಕ್ಕೆ ಹಿಡಿದರು. ದೊಡ್ಡಣ್ಣನ ಮುಖ ಬಿಳಿಚಿಕೊಂಡಿತು.

"ಮುನಿಯಪ್ಪ, ಕೆಟ್ಟೆವು ಕಣಪ್ಪ," ಎಂದು ಪಿಸುಗುಟ್ಟಿದ. "ಇನ್ನೂ ಮುನ್ನೂರೈವತ್ತು ಕೇಳ್ತಾವ್ರೆ."

ಚಿಕ್ಕಮುನಿಯಪ್ಪ ದಡಬಡನೆ ಬಂದು ಅಯ್ಯಂಗಾರರ ಕಾಲು ಹಿಡಿದುಕೊಂಡ. "ಆ ದುಡ್ಡಿನ ಮಾತು ಎತ್ತಲೇಬ್ಯಾಡಿ ಸಾಮಿ. ಬೆಳಿಗ್ಗೆ ಆಗಿದ್ದೇ ಆಯ್ತು. ನಿಮ್ಮ ದಮ್ಮಯ್ಯ, ಹಂಗೇ ಹೊಂಟೋಗಿ."

ಜೇಬಿಗೆ ಹೋಗಿದ್ದ ಅಯ್ಯಂಗಾರರ ಕೈ ಅಲ್ಲೇ ನಿಂತಿತು. ಬಡವ, ಆದರೂ ಕೊಟ್ಟ ದುಡ್ಡನ್ನು ವಾಪಸು ಮುಟ್ಟುವುದಿಲ್ಲವೆಂದು ಕಾಲಿಗೆ ಬೀಳುತ್ತಿದ್ದಾನೆ. ಅವರ ಕಣ್ಣಲ್ಲಿ ನೀರು ತುಂಬಿತು.

"ನಿಮ್ಮಂಥೋರು ಈ ಕಾಲದಲ್ಲೂ ಇದೀರಲ್ಲಪ್ಪ," ಎಂದು ಕೈ ಮುಗಿದು, ಮುನ್ನೂರೈವತ್ತರ ಸಮೇತ ಸೈಕಲ್ಲು ಹತ್ತಿದರು. ರೈಲಿಗೆ ಹೊತ್ತಾಗಿತ್ತು.

ಚಿಕ್ಕಮುನಿಯಪ್ಪ ಎದ್ದು ಮಂಡಿಯ ಧೂಳು ಕೊಡವಿಕೊಂಡ. ಬೆಳಿಗ್ಗೆಯಿಂದ ಮೊದಲ ಸಲ ಅವನ ಮುಖ ಗೆಲುವಾಯಿತು.

"ಮಾರಿದ ಮೇಲೂ ಅಷ್ಟೊಂದು ಕೇಳ್ಕೊಂಡು ಬಂದ್ರು ಅಂದ್ರೆ," ಎಂದ ಹೆಂಡತಿಗೆ, "ಕಾರು ಒಳ್ಳೇದೇ ಇರಬೇಕು ಕಣೇ."

ಮನೆಯಲ್ಲಿದ್ದ ಒಂದೇ ಕೋಳಿ ಆ ರಾತ್ರಿ ಸಾರಾಯಿತು. ದೊಡ್ಡಣ್ಣ ಮುದ್ದೆ ಮುರಿಯುತ್ತ, "ನಾನಿಲ್ದೆ ಹೋಗಿದ್ರೆ ಇವತ್ತು ನಿಮಗೆ ಮುನ್ನೂರೈವತ್ತು ರೂಪಾಯಿ ಲುಕ್ಸಾನು," ಎಂದ.

ನರಸಮ್ಮ ಅಣ್ಣನ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು.