ಹನ್ನೆರಡು ಮೊಳದ ಬೆಂಚು

ನನ್ನ ನಾದಿನಿಗೆ ಈ ಜಗತ್ತಿನಲ್ಲಿ ಕಂಡರಾಗದ್ದು ಒಂದೇ. ಹಾವಲ್ಲ, ಹಲ್ಲಿಯಲ್ಲ, ನಾನೂ ಅಲ್ಲ. ನಿಂತಿರುವ ಮನುಷ್ಯ! ಯಾರಾದರೂ ಎರಡು ನಿಮಿಷ ಸುಮ್ಮನೆ ನಿಂತರೆ ಸಾಕು, ಇವಳಿಗೆ ಮೈಯೆಲ್ಲ ಇರುವೆ ಹತ್ತಿದ ಹಾಗಾಗುತ್ತದೆ. ನಾವು ತಲೆಮಾರುಗಳಿಂದ ತಮಿಳುನಾಡಿನಲ್ಲಿ ನೆಲೆಸಿದ ಕನ್ನಡ ನೇಕಾರರು. ತಮಿಳರಾದರೆ "ಒಕ್ಕಾರುಂಗೋ, ಒಕ್ಕಾರುಂಗೋ!", ನಮ್ಮವರಾದರೆ "ಕೂತ್ಕೋ, ಕೂತ್ಕೋ!" ಕೂರುವವರೆಗೂ ಬಿಡುವುದಿಲ್ಲ.

ರೇಷನ್ ಅಂಗಡಿಗೆ ಹೋಗುವಾಗ ಚೀಲದ ಜೊತೆ ತಾನೇ ಮಾಡಿದ ಸ್ಟೂಲುಗಳನ್ನೂ ಹೊತ್ತು ಹೋಗುತ್ತಾಳೆ. ಒಂದು ಸಲ ಇಡೀ ಸಾಲನ್ನೇ ಕೂರಿಸಿಬಿಟ್ಟಳು. ಒಬ್ಬರಿಗೆ ಅಕ್ಕಿ ಹಾಕಿದ ಕೂಡಲೇ ಉಳಿದವರೆಲ್ಲ ಒಟ್ಟಿಗೆ ಎದ್ದು, ಸ್ಟೂಲು ಎತ್ತಿ, ಒಂದು ಹೆಜ್ಜೆ ಮುಂದಿಟ್ಟು, ಒಟ್ಟಿಗೆ ಕೂರಬೇಕು! ಅಕ್ಕಿ ತರಲು ಹೋದ ನನಗೆ ಮಂಡಿ ನೋವು ಬಂತು. ನಿಂತಿದ್ದರೆ ಬರುತ್ತಿರಲಿಲ್ಲ.

ಇನ್ನೊಂದು ಸಲ ಹತ್ತಿರದ ಪಲ್ಲಡದಲ್ಲಿ ನೆಂಟರ ಮದುವೆ. ಸಂಜೆ ರಿಸೆಪ್ಷನ್ನಿನಲ್ಲಿ ಗಂಡು ಹೆಣ್ಣು ಮೂರು ಗಂಟೆಯಿಂದ ನಿಂತೇ ಇದ್ದರು. ಇವಳು ಎರಡು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ನೇರವಾಗಿ ವೇದಿಕೆ ಹತ್ತಿದಳು. ಫೋಟೋದವನು ತಲೆ ಚಚ್ಚಿಕೊಂಡ. ಇವತ್ತಿಗೂ ಆ ಆಲ್ಬಮ್ಮಿನಲ್ಲಿ ಮದುಮಕ್ಕಳಿಗಿಂತ ನನ್ನ ನಾದಿನಿಯ ಬೆನ್ನೇ ಹೆಚ್ಚು.

ಇದು ಸುಮ್ಮನೆ ಬಂದ ಹುಚ್ಚಲ್ಲ. ಅವಳು ಮೂವತ್ತು ವರ್ಷ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಚೆಕ್ಕಿಂಗ್ ಮಾಡಿದವಳು. ಬೆಳಗಿನಿಂದ ಸಂಜೆಯವರೆಗೆ ಮೇಜಿನ ಮುಂದೆ ನಿಂತು ಬನಿಯನ್ನು ತಿರುವಿ ತಿರುವಿ ತೂತು ಹುಡುಕುವ ಕೆಲಸ. ಕೂರುವ ಹಾಗಿಲ್ಲ. ಅವಳ ಅಣ್ಣ, ಅಂದರೆ ನನ್ನ ಗಂಡ, ಮಗ್ಗದಲ್ಲಿ ಕೂತೇ ನೆಯ್ದ. ತಂಗಿ ನಿಂತೇ ದುಡಿದಳು. ಕೆಲಸ ಬಿಟ್ಟು ಬಂದವಳು ಪಕ್ಕದ ಬೀದಿಯ ಬಡಗಿ ಆಸಾರಿಯ ಹತ್ತಿರ ಉಳಿ ಹಿಡಿಯಲು ಕಲಿತು ಸ್ಟೂಲು ಮಾಡತೊಡಗಿದಳು. ಮನೆಯಲ್ಲಿರುವುದು ನಾನು, ಅವಳು, ನನ್ನ ಮಗ, ಸೊಸೆ. ಸ್ಟೂಲು ಹದಿನೇಳು!

ಇಂಥವಳ ಕಣ್ಣಿಗೆ ನಮ್ಮ ಬಸ್ ಸ್ಟಾಪಿನಲ್ಲಿ ಒಬ್ಬ ಹುಡುಗಿ ಬಿದ್ದಳು. ರಾಯಚೂರಿನ ಕಡೆಯಿಂದ ಗಂಡನ ಜೊತೆ ಬಂದವಳು, ಬನಿಯನ್ ಕಂಪನಿಯಲ್ಲೇ ಕೆಲಸ. ಬೆಳಿಗ್ಗೆ ಕಂಪನಿ ವ್ಯಾನಿಗಾಗಿ ಇಪ್ಪತ್ತು ಹುಡುಗಿಯರ ನಡುವೆ ಬೇವಿನ ಮರಕ್ಕೆ ಒರಗಿ ನಿಲ್ಲುತ್ತಿದ್ದಳು. ಹೊಟ್ಟೆ ಆಗಲೇ ಕಾಣುತ್ತಿತ್ತು.

"ಎಷ್ಟು ತಿಂಗಳು ಕಣ್ಣೂ?" ಎಂದು ಇವಳು ಮಗಳನ್ನು ಕರೆಯುವ ಹಾಗೆ ಮುದ್ದಾಗಿ ಕೇಳಿದಳು.

ಕನ್ನಡ ಕೇಳಿ ಆ ಹುಡುಗಿಯ ಮುಖ ಅರಳಿತು. "ಐದ್ರೀ ಅವ್ವಾರ. ನೀವೂ ನಮ್ಮ ಕಡೇರೇನ್ರೀ?"

"ನಾವು ಈ ಕಡೇರೇ. ಕಂಪನೀಲೂ ನಿಂತೇ ಕೆಲ್ಸವಾ?"

"ಹೂಂನ್ರೀ. ಎಂಟು ತುಂಬೂತನ ಹೋಗಾಕಿ ನಾ. ಏನಾಗಂಗಿಲ್ಲ ಬಿಡ್ರಿ."

ಏನಾಗಂಗಿಲ್ಲ! ಮನೆಗೆ ಬಂದ ನಾದಿನಿ ಊಟ ಮಾಡಲಿಲ್ಲ. ಮರುದಿನ ಸ್ಟಾಪಿನಲ್ಲಿ ಒಂದು ಸ್ಟೂಲು ಇಟ್ಟು ಬಂದಳು. ಸಂಜೆಗೆ ಅದು ಮಾಯ. ಇನ್ನೊಂದು ಇಟ್ಟಳು. ಅದೂ ಮಾಯ. ಮೂರನೆಯದೂ ಹೋದ ಮೇಲೆ ಮನೆಯಲ್ಲಿ ಸ್ವಲ್ಪ ನಡೆದಾಡಲು ಜಾಗವಾಯಿತು. ನಾನು ಆ ಕಳ್ಳನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

"ಯಾರೂ ಎತ್ಕೊಂಡು ಹೋಗಕ್ಕಾಗದ ಬೆಂಚು ಮಾಡ್ತೀನಿ. ಹನ್ನೆರಡು ಮೊಳ. ಆ ಕಡೆ ಈ ಕಡೆ ಮುಖ ಮಾಡಿ ಇಪ್ಪತ್ತು ಹುಡ್ಗೀರೂ ಕೂರ್ಬೇಕು. ಅವಳಿಗೆ ಏಳು ತುಂಬೋದ್ರೊಳಗೆ ಮುಗೀಬೇಕು" ಎಂದಳು.

ಪಂಚಾಯಿತಿಯವರು ಸ್ಟಾಪಿನ ನೆಲಕ್ಕೆ ಸಿಮೆಂಟು ಹಾಕಿಸುತ್ತಿದ್ದರು. ಇವಳು ಹೋಗಿ ಮೇಸ್ತ್ರಿಯನ್ನು ಮೊದಲು ಕೂರಿಸಿದಳು, ಆಮೇಲೆ ಟೀ ಕೊಟ್ಟಳು, ಆಮೇಲೆ ಬೆಂಚಿನ ಕಾಲಿಗೆಂದು ಆರು ಗುಂಡಿ ಬಿಡಿಸಿಕೊಂಡಳು. ಈ ತುದಿಗೆ ಎರಡು, ಆ ತುದಿಗೆ ಎರಡು, ನಡುವೆ ಎರಡು. ಅಳತೆ ಅವಳ ಮೊಳಗೈ.

ಮರ? ನನ್ನ ಗಂಡ ಹೋದ ಮೇಲೆ ಮುಂದಿನ ಕೋಣೆಯಲ್ಲಿ ಧೂಳು ತಿನ್ನುತ್ತ ನಿಂತಿದ್ದ ಮಗ್ಗ. ಅದನ್ನು ಬೇಕರಿಯ ಒಲೆಗೆ ಕೊಟ್ಟುಬಿಡೋಣ ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಮೂರನೆಯ ಕ್ಲಾಸಿನಲ್ಲಿ ಸ್ಲೇಟು ಬಿಟ್ಟು ರಾಟೆ ಹಿಡಿದವಳು ನಾನು. ನೂಲು ಬೇಕಾದಷ್ಟು ನೋಡಿಯಾಗಿದೆ. ನಿಂತ ಮಗ್ಗವನ್ನು ನೋಡಿ ಕಣ್ಣೀರು ಹಾಕುವ ಜಾತಿ ನನ್ನದಲ್ಲ. ನಾದಿನಿ ಬಿಚ್ಚಿದಳು. ನಾಲ್ಕು ಉದ್ದನೆಯ ತೊಲೆ ಸಿಕ್ಕಿದವು. ಮುಂದೆ ಎರಡು, ಹಿಂದೆ ಎರಡು, ನಡುಗಾಲಿನಲ್ಲಿ ಒಂದಕ್ಕೊಂದು ಮುಖ ಕೊಟ್ಟು ಸೇರಿದರೆ ಹನ್ನೆರಡು ಮೊಳ.

ಮುಂದಿನ ಎರಡನ್ನು ಅವಳು ಅಳೆದಳು. ಅಷ್ಟರಲ್ಲಿ ಕೈ ನೋವು ಬಂತೆಂದು, "ಅತ್ತಿಗೆ, ಹಿಂದಿಂದು ನೀನು ಅಳೀ" ಎಂದಳು. ಅಳೆದೆ. ಗರಗಸ ಆಡಿಸಿದಳು. ಜೋಡಿಸಿ ನೋಡಿದರೆ ಹಿಂದಿನ ಸಾಲು ಮುಂದಿನದಕ್ಕಿಂತ ಪೂರಾ ಒಂದು ಮೊಳ ಉದ್ದ! ನನ್ನ ಮೊಳಗೈ ಅವಳದಕ್ಕಿಂತ ಎರಡು ಬೆರಳು ಹೆಚ್ಚು. ಹನ್ನೆರಡು ಸಲ ಎರಡೆರಡು ಬೆರಳು ಸೇರಿದರೆ ಇನ್ನೇನಾಗುತ್ತದೆ? ಇವಳು ಒಂದು ಕ್ಷಣವೂ ಯೋಚಿಸದೆ ಹಿಂದಿನದನ್ನೂ ಕತ್ತರಿಸಿ ಮುಂದಿನದಕ್ಕೆ ಸಮ ಮಾಡಿ, ಗೆದ್ದವಳ ಹಾಗೆ ನೋಡಿದಳು.

ಆಗ ಆಸಾರಿ ಬಂದ. ನಮ್ಮವರ ನಡುವೆ ಬೆಳೆದು ನಮ್ಮ ಕನ್ನಡ ಕಲಿತ ತಮಿಳ. ತೊಲೆಗಳನ್ನು ನೋಡಿದ. ಗಡ್ಡ ಕೆರೆದುಕೊಂಡ.

"ಅಕ್ಕಾ, ಇದನ್ನ ಕಾಲಿಗೆ ಹೆಂಗೆ ಸೇರಿಸ್ತೀ? ತೊಲೆ ತುದೀನೇ ಕೆತ್ತಿ, ಮೂಗಿನ ಹಂಗೆ ಮಾಡಿ, ಕಾಲಿನ ತೂತಿಗೆ ನುಗ್ಗಿಸ್ಬೇಕು. ನೀನು ಕಾಲಿಂದ ಕಾಲಿಗೆ ಸರಿಯಾಗಿ ಕತ್ತರ್ಸ್ಬಿಟ್ಟಿದೀಯ. ಮೂಗೆಲ್ಲಿ?"

"ಮೂಗಿಗೆ ಅಂತ ಬೇರೆ ಬಿಡ್ಬೇಕಿತ್ತಾ?"

"ಬಿಡದೆ? ನಿಮ್ಮ ಅತ್ತಿಗೆ ಅಳೆದದ್ದನ್ನ ಹಂಗೇ ಬಿಟ್ಟಿದ್ರೆ ಹಿಂದಿನ ಸಾಲಿಗಾದ್ರೂ ಮೂಗಿರ್ತಿತ್ತು!"

ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾದಿನಿ ಅಳುವ ಮುಖ ಮಾಡಿಕೊಂಡೇ ನನ್ನ ಹಿಂದೆ ಒಂದು ಸ್ಟೂಲು ತಳ್ಳಿದಳು. "ಕೂತ್ಕೊಂಡು ನಗು."

ಕಬ್ಬಿಣದ ಪಟ್ಟಿ ಇಟ್ಟು ಮೊಳೆ ಹೊಡೆದುಬಿಡು ಎಂದ ಆಸಾರಿ. ಹೇಳಬಾರದಿತ್ತು! "ಮೊಳೆಯಾ? ಮೇಲೆದ್ದು ಹುಡ್ಗೀರ ಬಟ್ಟೆ ಹರಿಯಕ್ಕಾ? ಮೂವತ್ತು ವರ್ಷ ತೂತು ಹುಡುಕಿದೀನಿ ನಾನು. ನನ್ನ ಬೆಂಚಲ್ಲಿ ಕೂತ ಬಟ್ಟೆಗೆ ತೂತು ಬೀಳಬಾರ್ದು!"

ಎರಡು ದಿನ ತೊಲೆಗಳ ಸುತ್ತಲೇ ಸುತ್ತಿದಳು. ಹುಡುಗಿಗೆ ಆರು ತುಂಬಿತ್ತು. ಮೂರನೆಯ ದಿನ ನಾನು ಸೊಪ್ಪು ಬಿಡಿಸುತ್ತಿದ್ದಾಗ ಬಂದು ಎದುರಿಗೆ ನಿಂತಳು.

"ಅತ್ತಿಗೆ, ಮಗ್ಗದಲ್ಲಿ ಹಾಸಿನ ಎಳೆ ಹರಿದು ಎರಡು ಕಡೇನೂ ಮೋಟಾದ್ರೆ ಅಣ್ಣ ಏನ್ ಮಾಡ್ತಿದ್ದ?"

"ಬೈತಿದ್ದ."

"ಬೈದ್ಮೇಲೆ?"

"ಇನ್ನೇನು, ನಡುವೆ ಬೇರೆ ತುಂಡು ಎಳೆ ಇಟ್ಟು ಈ ಕಡೆ ಒಂದು ಗಂಟು, ಆ ಕಡೆ ಒಂದು..."

ನಾನು ಮಾತು ಮುಗಿಸುವಷ್ಟರಲ್ಲಿ ಅವಳು ಅಂಗಳದಲ್ಲಿದ್ದಳು! ತೊಲೆಗೆ ಮೂಗಿಲ್ಲವೇ, ಬೇಡ. ಎರಡು ತೊಲೆಯ ತುದಿಯಲ್ಲೂ ತೂತು ಕೊರೆ. ಗಟ್ಟಿ ಮರದ ಬೇರೆ ತುಂಡೊಂದನ್ನು ಮಾಡಿ ಅರ್ಧ ಇದಕ್ಕೆ, ಅರ್ಧ ಅದಕ್ಕೆ, ನಡುಗಾಲನ್ನು ತೂರಿಕೊಂಡು ಹೋಗುವ ಹಾಗೆ ಕೂರಿಸು. ಅಡ್ಡಕ್ಕೆ ಮರದ ಗೂಟ ಬಡಿ. ಮುಗಿಯಿತು! ಆಸಾರಿ ಬಗ್ಗಿ ತೂತಿಗೆ ಬೆರಳು ಹಾಕಿ ನೋಡಿ, "ನಮ್ಮ ತಾತ ಹಿಂಗೇ ಮಾಡ್ತಿದ್ದ" ಎಂದ. ಹಾಗಾದರೆ ಮೊನ್ನೆ ಯಾಕಪ್ಪ ಬಾಯಿ ಬಿಡಲಿಲ್ಲ?

ತುದಿಗಾಲುಗಳಲ್ಲಿ ಕೂರುವ ತುಂಡುಗಳಿಗೆ ಮಗ್ಗದ ಚೂರುಪಾರು ಸಾಕಾಯಿತು. ನಡುಗಾಲನ್ನು ತೂರುವ ಎರಡು ತುಂಡಿಗೆ ಮಾತ್ರ ಕಬ್ಬಿಣದಂಥ ಮರ ಬೇಕು. ನಾದಿನಿಯ ಕಣ್ಣು ನಮ್ಮ ಫ್ರಿಜ್ಜಿನ ಕೆಳಗೆ ಹೋಯಿತು. ಅಲ್ಲಿದ್ದವು, ನನ್ನ ಗಂಡ ನೆಯ್ಯುವಾಗ ಕಾಲಲ್ಲಿ ತುಳಿಯುತ್ತಿದ್ದ ಎರಡು ಹಲಗೆ. ಪ್ರೀತಿಯಿಂದ ಇಟ್ಟುಕೊಂಡಿದ್ದೆ ಎಂದು ಯಾರೂ ತಿಳಿಯಬೇಡಿ. ನಮ್ಮ ಅಡುಗೆಮನೆಯ ನೆಲ ಇಳಿಜಾರು.

"ಕೊಡ್ತೀಯಾ ಅತ್ತಿಗೆ?"

"ಫ್ರಿಜ್ಜು ಅಲ್ಲಾಡುತ್ತೆ ಅಮ್ಮಣೀ."

"ಅಲ್ಲಾಡ್ಲಿ. ಅದಕ್ಕೇನು ಬಸುರಾ?"

ಕೊಟ್ಟೆ. ಅವನ ಹೆಬ್ಬೆರಳು ಒತ್ತಿ ಒತ್ತಿ ಎರಡರಲ್ಲೂ ಗುಳಿ ಬಿದ್ದಿತ್ತು. ಅಂದಿನಿಂದ ನಮ್ಮ ಫ್ರಿಜ್ಜು ವಾರಕ್ಕೊಂದು ಬೆರಳಿನಷ್ಟು ಬಾಗಿಲ ಕಡೆ ನಡೆಯುತ್ತಿದೆ. ಹೋಗಲಿ.

ಜೋಡಿಸುವ ದಿನ ಇಡೀ ಬೀದಿ ನೋಡಲು ಬಂತು. ನಿಂತು ನೋಡಲು ಇವಳು ಬಿಟ್ಟಾಳೆಯೇ? ಹದಿನಾಲ್ಕು ಸ್ಟೂಲೂ ಹೊರಗೆ ಬಂದವು, ಉಳಿದವರು ಜಗಲಿಯ ಮೇಲೆ ಕೂತರು. ಒಂದು ಕಡೆಯಿಂದ ಅವಳು, ಇನ್ನೊಂದು ಕಡೆಯಿಂದ ನಾನು, ಕೈಯಲ್ಲಿ ಕೊಡತಿ. ಬಡಿ! ಇನ್ನೊಂದು! ತುಂಡು ನಡುಗಾಲನ್ನು ಹಾದು ತೊಲೆಯೊಳಗೆ ಇಷ್ಟಿಷ್ಟೇ ಇಳಿಯಿತು. "ಪೋಡು ಪೋಡು!", ಹಾಕು ಹಾಕು ಎಂದು ಜಗಲಿಯಿಂದ ಕೂಗು. ಕೊನೆಯ ಏಟಿಗೆ ಎರಡು ತೊಲೆಯ ಮುಖವೂ ಕಾಲಿಗೆ ಟಕ್ಕೆಂದು ಕೂತವು. ನಡುವೆ ನೂಲೂ ತೂರುವುದಿಲ್ಲ! ಆಸಾರಿ ಮೇಲೆ ಹತ್ತಿ ಮೂರು ಸಲ ಕುಣಿದ. ಬೆಂಚು ಮಿಸುಕಲಿಲ್ಲ. ಎಪ್ಪತ್ತೈದರ ಈ ವಯಸ್ಸಿನಲ್ಲಿ ನಾನು ಬೀದಿಯಲ್ಲಿ ಕೇಕೆ ಹಾಕಿದೆ ಎಂದು ಸೊಸೆ ಹೇಳುತ್ತಾಳೆ. ಹಾಕಿರಬಹುದು.

ಮೇಲೆ ಹಲಗೆಯನ್ನೂ ಮರದ ಗೂಟದಲ್ಲೇ ಬಿಗಿದು, ಹದಿನಾರು ಜನ ಹೊತ್ತು, ಆರು ಗುಂಡಿಗೆ ಆರು ಕಾಲು ಇಳಿಸಿ ಸಿಮೆಂಟು ತುಂಬಿದೆವು. ಒಣಗುವವರೆಗೆ ಇವಳು ಹಗಲೆಲ್ಲ ಕಾವಲು.

ಮೊದಲ ಬೆಳಿಗ್ಗೆ ನಾವಿಬ್ಬರೂ ಹೋದೆವು. ಹುಡುಗಿಯರು ಎರಡೂ ಕಡೆ ಸಾಲಾಗಿ ಕೂತರು. ರಾಯಚೂರಿನ ಹುಡುಗಿ ಎರಡೂ ಕೈ ಊರಿ ನಿಧಾನವಾಗಿ ಕೂತು, ಕಾಲು ಚಾಚಿ, "ಅಯ್ಯವ್ವಾ" ಎಂದು ಉಸಿರು ಬಿಟ್ಟಳು. ಆ ಉಸಿರನ್ನು ನನ್ನ ನಾದಿನಿ ನಿಂತುಕೊಂಡು ಕೇಳಿದಳು. ಹೌದು, ನಿಂತುಕೊಂಡು. ಊರಿಗೆಲ್ಲ ಕೂರು ಕೂರು ಎನ್ನುವವಳು ತಾನು ಕೂತದ್ದನ್ನು ನಾನು ಕಂಡದ್ದು ಕಡಿಮೆ.

ಇನ್ನು ಇದನ್ನೂ ಹೇಳಿಬಿಡುತ್ತೇನೆ. ಕಂಪನಿಗೆ ಸೇರಿದ ಹೊಸತರಲ್ಲಿ, ಅವಳ ಗಂಡ ಇನ್ನೂ ಇದ್ದಾಗ, ಅವಳೂ ಆರು ತಿಂಗಳ ಬಸುರಿ. ಒಂದು ಬೆಳಿಗ್ಗೆ, "ಕಾಲು ಊದಿದೆ ಅತ್ತಿಗೆ, ಇವತ್ತು ಹೋಗಲ್ಲ" ಎಂದಳು. "ನಿಂತ್ರೆ ಯಾರೂ ಸತ್ತೋಗಲ್ಲ, ಹೋಗು" ಎಂದವಳು ನಾನು. ಸಂಜೆ ಅವಳನ್ನು ಆಸ್ಪತ್ರೆಯಿಂದ ಕರೆತಂದೆವು. ಮಗು ಉಳಿಯಲಿಲ್ಲ. ಮತ್ತೆ ಆಗಲಿಲ್ಲ. ನಾನು ಅಂದದ್ದನ್ನು ಅವಳು ಇಷ್ಟು ವರ್ಷದಲ್ಲಿ ಒಂದು ಸಲವೂ ಎತ್ತಿ ಆಡಿಲ್ಲ. ನಾನೂ ಎತ್ತಿಲ್ಲ.

ವ್ಯಾನು ಬಂತು. ಹುಡುಗಿಯರು ಎದ್ದು ಹತ್ತಿದರು. ಹನ್ನೆರಡು ಮೊಳ ಬೆಂಚೂ ಖಾಲಿ.

"ಅಮ್ಮಣೀ," ಎಂದೆ. ಬೆಂಚಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದೆ. "ಕೂತ್ಕೋ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಬಂದು, ಸರಿಯಾಗಿ ನಡುಗಾಲಿನ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಕೂತೆ.

"ಅಲ್ಲಾಡುತ್ತಾ ಅತ್ತಿಗೆ?"

"ಇಲ್ಲ."

ಹಿಡಿಯಬೇಕಾದ ವ್ಯಾನು ನಮ್ಮಿಬ್ಬರಿಗೂ ಇರಲಿಲ್ಲ. ಬಿಸಿಲು ಏರುವವರೆಗೂ ಕೂತಿದ್ದೆವು.