ಕೂಸಿಗಾಗಿ ಕಾರು ಬಿಚ್ಚಿದ್ದು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಮುಂದೆ ಏನೇನು ಅವಮಾನದ ಸಂಗತಿ ಬಂದರೂ ಇದೊಂದು ಮೊದಲು ನಿಮಗೆ ತಿಳಿದಿರಲಿ. ಬಸ್ ಕಂಡಕ್ಟರಿಗೆ ಹೇಳಿದ್ದೇನೆ, ಬ್ಯಾಂಕಿನಲ್ಲಿ ಚಲನ್ ಬರೆದುಕೊಟ್ಟ ಹೆಣ್ಣುಮಗಳಿಗೆ ಹೇಳಿದ್ದೇನೆ, ರಾಂಗ್ ನಂಬರ್ ಬಂದವರನ್ನೂ ಬಿಟ್ಟಿಲ್ಲ. ನಿಮ್ಮನ್ನು ಯಾಕೆ ಬಿಡಲಿ?

ಈ ಪಾಯಸದಲ್ಲಿ ಒಂದೇ ಒಂದು ಕಲ್ಲು. ನಮ್ಮ ಬೀಗರು.

ಸೊಸೆ ರೂಪ ಬಾಣಂತನಕ್ಕೆ ಚಾಮರಾಜನಗರದ ತವರಿಗೆ ಹೋಗಿದ್ದಳು. ಅವಳ ತಂದೆ ಪುಟ್ಟಸ್ವಾಮಪ್ಪನವರು ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತು ರಿಟೈರಾದವರು. ಐದು ತಿಂಗಳು ಕೂಸು ಅವರ ಮನೆಯಲ್ಲಿ, ಅವರ ತೊಡೆಯ ಮೇಲೆ. ದಿನಾ ಬೆಳಿಗ್ಗೆ ಮೊಬೈಲಿಗೆ ಫೋಟೊ ಹಾಕುತ್ತಿದ್ದರು. ಕೂಸು ಅವರ ಕನ್ನಡಕ ಹಿಡಿದದ್ದು, ಕೂಸು ಅವರ ಮೀಸೆ ಎಳೆದದ್ದು. ನಾನೂ ಮೀಸೆ ಬಿಟ್ಟೆ. ಎಳೆಯುವವರೇ ಇರಲಿಲ್ಲ.

ಕಡೆಗೂ ಕೂಸನ್ನು ಗುಂಡ್ಲುಪೇಟೆಗೆ ಕರೆತರಲು ಒಳ್ಳೆಯ ದಿನ ಗೊತ್ತಾಯಿತು. ಮುಂದಿನ ಸೋಮವಾರ. ಬುಧವಾರ ಬೀಗರ ಫೋನು ಬಂತು.

“ಬೀಗ್ರೇ, ಬಿಸ್ಲು ಜೋರಾಗದ. ನೀವ್ಯಾಕ ತೊಂದ್ರ ತಕ್ಕಂಡೀರಿ? ನಮ್ ಕಾರಲ್ಲೇ ಕೂಸ ಕರ್ಕಂಡ್ ಬತ್ತೀವಿ. ನಮ್ದ್ರಲ್ಲಿ ಎಸಿ ಅದ.”

“ನಮ್ದ್ರಲ್ಲೂ ಅದ ಕಣಿ,” ಅಂದುಬಿಟ್ಟೆ. “ನಾವೇ ಬತ್ತೀವಿ.”

ಫೋನಿಟ್ಟ ಮೇಲೆ ನನ್ನ ಹೆಂಡತಿ ಚಿಕ್ಕತಾಯಮ್ಮ ಅವರೆಕಾಯಿ ಸುಲಿಯುತ್ತಲೇ ಕೇಳಿದಳು. “ಎಸಿ ಎಲ್ಲದ? ಇರೋದು ಬರೀ ಸ್ವಿಚ್ಚು.”

ಮಾತು ನಿಜ. ನಮ್ಮದು ಹದಿನೇಳು ವರ್ಷದ ಕಾರು. ಎಸಿ ಹಾಕಿದರೆ ದೀಪ ಹತ್ತುತ್ತಿತ್ತು, ಬಿಸಿಗಾಳಿ ಬರುತ್ತಿತ್ತು. ಮಗ ಮಾದೇಶ ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡು. ಅವನಿಗೆ ರಜೆಯೂ ಇಲ್ಲ, ಕಾರಿನ ಚಿಂತೆಯೂ ಇಲ್ಲ. ನಾನೇ ಎಸಿ ಅಂಗಡಿಗೆ ಒಯ್ದು ತೋರಿಸಿದೆ.

“ಗ್ಯಾಸೆಲ್ಲ ಸೋರೋಗದ ಅಣ್ಣ,” ಅಂದ ಅಂಗಡಿಯವನು. “ಕೂಲಿಂಗ್ ಕಾಯಿಲ್ ತೂತಾಗದ. ಗಾಳಿ ತಣ್ಣಗ್ ಮಾಡೋದೇ ಅದು. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಬದಲಾಯಿಸ್ಬೇಕು. ಕೈ ತುಂಬ ಕೆಲ್ಸ ಅದ, ಮುಂದಿನ್ ವಾರ ಬುಟ್ಟೋಗಿ.”

ಮುಂದಿನ ವಾರಕ್ಕೆ ಕೂಸು ಬೀಗರ ಕಾರಿನಿಂದ ಮಹಾರಾಣಿಯ ಹಾಗೆ ಇಳಿದಿರುತ್ತದೆ. ಊರೆಲ್ಲ ಅದನ್ನು ನೋಡಿರುತ್ತದೆ. ಕಾಯಿಲ್ ಒಂದನ್ನು ಮೈಸೂರಿನಿಂದ ಬಸ್ಸಿನಲ್ಲಿ ತರಿಸಿಕೊಡು, ಆಮೇಲೆ ಗ್ಯಾಸ್ ತುಂಬು, ನಡುವಿನ ಕೆಲಸ ನನಗೆ ಬಿಡು ಅಂದೆ. ನಾಲ್ಕನೇ ಕ್ಲಾಸು ದಾಟದಿದ್ದರೂ ಮೂವತ್ತೈದು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದವನು ನಾನು. ಕುದೇರಿನಿಂದ ಹರವೆಯವರೆಗೆ ನನ್ನ ಕೈ ನೋಡದ ಮೋಟರಿಲ್ಲ. ನನಗೆ ಬರುವ ವಿದ್ಯೆ ಒಂದೇ. ಎಲ್ಲಿ ಸೋರುತ್ತದೋ ಅಲ್ಲಿ ಮುಚ್ಚು.

ಗುರುವಾರ ಮನೆ ಮುಂದೆ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಶುರು ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಸೀಟುಗಳು ಜಗಲಿ ಮೇಲೆ, ಸ್ಟಿಯರಿಂಗು ಹಜಾರದಲ್ಲಿ, ಡ್ಯಾಶ್‌ಬೋರ್ಡು ಮಂಚದ ಮೇಲೆ ಮಲಗಿತ್ತು. ಪಕ್ಕದ ಮನೆ ರಾಜಣ್ಣ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

“ಏನಣ್ಣ, ಗುಜರಿಗಾ?”

“ಕೂಸಿಗೆ ಕಣ್ಲಾ.”

“ಓ, ಆಟ ಆಡಕ್ಕಾ,” ಅಂದು ಹೊರಟುಹೋದ.

ಪೈಪು ಬಿಚ್ಚುವ ಮುಂಚೆ ರೇಡಿಯೇಟರಿನ ನೀರು ಇಳಿಸಬೇಕಂತೆ. ಬಿಚ್ಚಿದ ಮೇಲೆ ನೆನಪಾಯಿತು. ಹಸಿರು ನೀರು ಎದೆಗೆ ಚಿಮ್ಮಿತು. ಕೈಗೆ ಸಿಕ್ಕ ಪಾತ್ರೆ ಒಡ್ಡಿದೆ.

“ಅದು ಸಾರಿನ್ ಪಾತ್ರ ಕಣಿ!” ಅಂತ ಚಿಕ್ಕತಾಯಮ್ಮ ಕೂಗಿದಳು.

ಆ ಪಾತ್ರೆ ಮತ್ತೆ ಒಲೆ ಹತ್ತಲಿಲ್ಲ. ಎರಡು ದಿನ ನನಗೂ ಸಾರು ಸಿಗಲಿಲ್ಲ.

ಅಂತೂ ಹಳೇ ಕಾಯಿಲ್ ಇದ್ದ ಪೆಟ್ಟಿಗೆ ಹೊರಗೆ ಬಂತು. ಒಳಗೆ ಇಲಿಯ ಗೂಡು, ಚೆಂಡುಹೂವಿನ ಒಣಗಿದ ಎಸಳು, ಮಗನ ಮದುವೆಯಲ್ಲಿ ಬಿದ್ದ ಅಕ್ಷತೆ. ನಾವು ಇಷ್ಟು ವರ್ಷ ಸೇವಿಸಿದ್ದು ಈ ಗಾಳಿಯನ್ನು. ಎಲ್ಲ ತೊಳೆದು ಹೊಸ ಕಾಯಿಲ್ ಕೂರಿಸುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಪೆಟ್ಟಿಗೆಯ ತಳದಲ್ಲಿ ಬೆರಳು ಗಾತ್ರದ ಒಂದು ತೂತು. ಓದಿದವರು ಮಾಡಿದ ಕೆಲಸ, ಇಷ್ಟು ದೊಡ್ಡ ತೂತು ಯಾರಿಗೂ ಕಾಣಲಿಲ್ಲವಲ್ಲ ಅಂದುಕೊಂಡು, ಮೋಟರಿಗೆ ಬಳಿಯುವ ಅಂಟನ್ನು ಕಲಸಿ ಎರಡು ಪದರ ಹಾಕಿದೆ. ಒಣಗಿದ ಮೇಲೆ ನೀರು ತುಂಬಿ ಪರೀಕ್ಷಿಸಿದೆ. ಒಂದು ಹನಿ ಜಾರಲಿಲ್ಲ. ನನ್ನ ಇಡೀ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾಗಿ ಯಾವ ತೂತನ್ನೂ ಮುಚ್ಚಿರಲಿಲ್ಲ.

ಭಾನುವಾರ ಎಲ್ಲ ಜೋಡಿಸಿದಾಗ ಹನ್ನೊಂದು ಸ್ಕ್ರೂ ಉಳಿದವು. ಕಂಪನಿಯವರು ಧಾರಾಳಿಗಳು ಅಂದುಕೊಂಡೆ. ಸ್ಪೀಡಿನ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಗ್ಯಾಸ್ ತುಂಬಿಸಿಕೊಂಡು ಬರುವಾಗ ಕಾರು ಓಡುತ್ತಿತ್ತು, ಮುಳ್ಳಿನ ಪ್ರಕಾರ ನಾನು ಅಂಗಡಿಯಲ್ಲೇ ಇದ್ದೆ. ಆದರೆ ಗಾಳಿ? ಗೋಪಾಲಸ್ವಾಮಿ ಬೆಟ್ಟದ ಗಾಳಿ ಕಾರಿನೊಳಗೆ ಬಂದಿತ್ತು.

ಸೋಮವಾರ ಬೆಳಿಗ್ಗೆ ಎಸಿ ಪೂರ್ತಿ ತಿರುಗಿಸಿ ಚಾಮರಾಜನಗರಕ್ಕೆ ಹೊರಟೆವು. ಹಿಂದೆ ಕೂತ ಚಿಕ್ಕತಾಯಮ್ಮ ದಾರಿಯುದ್ದಕ್ಕೂ ಸೆರಗು ಹೊದ್ದು ನಡುಗಿದಳು. ನನಗೂ ಹಲ್ಲು ಕಟಕಟ ಅನ್ನುತ್ತಿತ್ತು. ಆರಿಸಲಿಲ್ಲ. ಬೀಗರ ಮನೆ ಮುಂದೆ ಬಾಗಿಲು ತೆಗೆದು ನಿಂತೆ, ತಣ್ಣನೆ ಗಾಳಿ ಬೀಗರ ಮುಖಕ್ಕೇ ಬಡಿಯಲಿ ಅಂತ.

ಬಡಿದದ್ದು ಬೀಗಿತ್ತಿಯವರ ಮುಖಕ್ಕೆ. “ಅಯ್ಯೋ ಶಿವ್ನೇ, ಬಾಣಂತಿ, ಕೂಸ್ಗ ಸೀತದ್ ಗಾಳಿ ಸೋಕ್ಸ್ತೀರಾ? ಮೊದ್ಲು ಆರ್ಸಿ ಅದ್ನ.”

“ನಾನೂ ಅದ್ನೇ ಯೋಳ್ತಿವ್ನಿ, ಅಕ್ಕ,” ಅಂದಳು ನನ್ನ ಹೆಂಡತಿ. ನಾಲ್ಕು ದಿನದಲ್ಲಿ ಒಂದು ಸಲವೂ ಹೇಳಿರಲಿಲ್ಲ.

ರೂಪ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಬಂದಳು. ಕೂಸು ಟೋಪಿ, ಸ್ವೆಟರು, ಎರಡು ಟವೆಲಿನೊಳಗೆ ಎಲ್ಲೋ ಇತ್ತು. ಎಸಿ ಆರಿತು. ಗ್ಲಾಸು ಇಳಿಸುವಂತಿಲ್ಲ ಅಂತಲೂ ಆಜ್ಞೆಯಾಯಿತು. ಬೀಗರು ನನ್ನ ಕಿವಿಯ ಹತ್ತಿರ ಬಂದರು.

“ನಮ್ ಕಾರಲ್ಲೂ ಐದ್ ತಿಂಗ್ಳಿಂದ ಇವ್ಳು ಹಾಕಕ್ ಬುಟ್ಟಿಲ್ಲ ಬೀಗ್ರೇ.”

“ಮತ್ತ ಫೋನಲ್ಲಿ ಅದ ಅಂದ್ರಿ?”

“ಅದ ಅಂದಿ. ಹಾಕ್ತೀವಿ ಅಂದ್ನಾ?”

ಇದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಮಡಿಲಕ್ಕಿ ಗಂಟಿನ ಜೊತೆ ಮೂವರು ಹೆಂಗಸರು ಹಿಂದೆ ಕೂತರು. “ಹಿಂದ ಇಕ್ಕಟ್ಟು, ಕೂಸ ನಂಗ ಕೊಡಿ,” ಅಂದು ಬೀಗರು ಮುಂದಿನ ಸೀಟಿನಲ್ಲಿ ಕೂಸನ್ನು ತೊಡೆಗೇರಿಸಿಕೊಂಡು ಕೂತೇಬಿಟ್ಟರು. ಆಗ ನನಗೆ ಹೊಳೆಯಿತು. ಓಡಿಸುವವನ ಕೈಗೆ ಸ್ಟಿಯರಿಂಗ್ ಬರುತ್ತದೆ, ಕೂಸು ಬರುವುದಿಲ್ಲ. ನಾಲ್ಕು ದಿನ ಕಾರು ಬಿಚ್ಚುವವನು ಇದನ್ನು ನಾಲ್ಕು ನಿಮಿಷ ಯೋಚಿಸಬಹುದಿತ್ತು.

ತೆರಕಣಾಂಬಿಯ ಹಂಪು ಬಂದಾಗ ನನ್ನ ಗಮನ ರಸ್ತೆಯಲ್ಲಿರಲಿಲ್ಲ, ಪಕ್ಕದ ತೊಡೆಯಲ್ಲಿತ್ತು. ಗಕ್ಕನೆ ಬ್ರೇಕು ಹಾಕಿದೆ. ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಗುಳುಂ ಅಂತು. ಒಂದು ಚೊಂಬು ನೀರು ಮೊಣಕಾಲ ಹತ್ತಿರ ಬೀಗರ ಬಿಳಿ ಪಂಚೆಯ ಮೇಲೆ ಸುರಿಯಿತು.

ಬೀಗರು ಕೆಳಗೆ ನೋಡಿದರು. ಕೂಸನ್ನು ನೋಡಿದರು. ಮುಖ ಅರಳಿತು.

“ಉಚ್ಚ ಉಯ್ದ್‌ಬುಟ್ಲು! ನೋಡಿ ಬೀಗ್ರೇ, ಯಾರ್ ಮ್ಯಾಲ ಪ್ರೀತಿ ಅದೋ ಅವರ್ ಮ್ಯಾಲೇ ಉಯ್ಯೋದು.”

“ಅಜ್ಜ ಅಂದ್ರ ಪ್ರಾಣ ಅವ್ಳಿಗ,” ಅಂದರು ಬೀಗಿತ್ತಿ ಹಿಂದಿನಿಂದ.

ಐದು ತಿಂಗಳ ಕೂಸು ಒಂದು ಚೊಂಬು ಹುಯ್ಯುತ್ತದೆಯೇ ಅಂತ ಯಾರೂ ಕೇಳಲಿಲ್ಲ. ನಾನು ಕಾರು ಬದಿಗೆ ನಿಲ್ಲಿಸಿ ಬಗ್ಗಿ ನೋಡಿದೆ. ಮೇಲಿನಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಮೂವತ್ತೈದು ವರ್ಷ ಸೋರಿಕೆ ಕಂಡವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಸಿ ಓಡುವಾಗ ಕಾಯಿಲಿನಿಂದ ಇಳಿಯುವ ನೀರು ರಸ್ತೆಗೆ ಹೋಗಲಿ ಅಂತ ಬಿಟ್ಟ ದಾರಿಯೇ ಆ ತೂತು. ಬೆಳಿಗ್ಗೆ ಹೋಗುವಾಗ ಇಳಿದ ನೀರನ್ನೆಲ್ಲ ನನ್ನ ಅಂಟು ಹನಿಯೂ ಪೋಲಾಗದಂತೆ ಕಾಪಾಡಿತ್ತು.

ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಪಾಪ, ಕೂಸು ಬಾಯಿಬಿಟ್ಟು ಅಲ್ಲಗಳೆಯುವಂತಿರಲಿಲ್ಲ. ಆದರೆ ಬೀಗರು ಆಗಲೇ ಮೊಬೈಲು ತೆಗೆದು ಒದ್ದೆ ಪಂಚೆಯ ಫೋಟೊ ಹಿಡಿಯುತ್ತಿದ್ದರು.

“ಅದು ಕೂಸಿಂದಲ್ಲ ಬೀಗ್ರೇ, ನಂದು.”

ಬೀಗರು ಕೂಸನ್ನು ಎತ್ತಿಕೊಂಡು ಬಾಗಿಲ ಕಡೆ ಸರಿದರು. ಮಾತು ತಪ್ಪಾಗಿ ಬಂತೆಂದು ತಿಳಿದು, ತೂತಿನ ಕತೆಯನ್ನು ಮೊದಲಿನಿಂದ ಹೇಳಿದೆ. ಅಂಟು, ಎರಡು ಪದರ, ಎಲ್ಲ. ರೂಪ ಕೂಸಿನ ಬಟ್ಟೆ ಮುಟ್ಟಿ ನೋಡಿ, “ಒಣಗೇ ಅದ ಕಣಪ್ಪಾ,” ಅಂತ ತಂದೆಗೆ ಹೇಳಿದಳು. ಬೀಗರ ಮುಖ ಬಾಡಿತು. ಮೂವತ್ತೈದು ವರ್ಷದ ಹೆಸರು ಹೋಯಿತು, ಆದರೆ ಆ ಮುಖ ನೋಡಿ ನನಗೆ ಮಾತ್ರ ಅರ್ಧ ಎಕರೆ ಸಿಕ್ಕಷ್ಟು ಖುಷಿಯಾಯಿತು.

“ನಂಗ ಕಾಲಿಡಕ್ಕಾಗ್ದು ಆ ನೀರಲ್ಲಿ,” ಅಂದರು ಬೀಗರು. “ನಾನೇ ಓಡಿಸ್ತೀನಿ. ನೀವ್ ಕೂಸ ಇಡ್ಕಳಿ.”

ಆ ಮನುಷ್ಯನ ಬಾಯಿಂದ ಅಷ್ಟು ಒಳ್ಳೆಯ ಮಾತು ಅದೇ ಮೊದಲು. ಪಾದ ನೀರಿನಲ್ಲಿ, ಮೈಯೆಲ್ಲ ಬೆವರಿನಲ್ಲಿ, ಮುಚ್ಚಿದ ಗ್ಲಾಸಿನೊಳಗೆ ಬೇಯುತ್ತ ನಾನು ಮೊಮ್ಮಗಳನ್ನು ಎತ್ತಿಕೊಂಡು ಕೂತೆ. ಟೋಪಿಯೊಳಗಿನಿಂದ ಎರಡು ಕಣ್ಣು ತೆರೆದವು. ನೋಡಲಿ ಅಂತ ಮೀಸೆ ತೀಡಿಕೊಂಡೆ. ಅವಳು ಗುಂಡ್ಲುಪೇಟೆ ಬರುವವರೆಗೂ ಕತ್ತು ಹೊರಳಿಸಿ ನೋಡಿದ್ದು ಕಾರು ಓಡಿಸುತ್ತಿದ್ದವರನ್ನು.

ಓಡಿಸುವವರನ್ನು ನೋಡುವುದೇ ಕೂಸುಗಳ ಅಭ್ಯಾಸವಿರಬೇಕು ಅಂತ ಸಮಾಧಾನ ಮಾಡಿಕೊಂಡೆ. ಹಾಗಿದ್ದರೆ ತೆರಕಣಾಂಬಿಯವರೆಗೆ ನನ್ನನ್ನೇ ನೋಡಿರಬೇಕಲ್ಲ? ಕಂಡ ಸಾಕ್ಷಿ ಒಬ್ಬರೇ, ಬೀಗರು. ಅವರನ್ನು ಕೇಳುವುದುಂಟೇ? ಒಂದು ವಾರ ತಡೆದೆ. ನಿನ್ನೆ ಫೋನ್ ಮಾಡಿ ಕೇಳಿಯೇಬಿಟ್ಟೆ.

“ಆಗ್ಲಾ?” ಅಂದರು ಬೀಗರು. “ನಿದ್ದ ಮಾಡ್ತಿದ್ಲು ಬೀಗ್ರೇ.”